ಕನ್ನಡಿಯ ಬೆನ್ನಿಗೆ ಕಟ್ಟಿದ ಕಂಕಣ

ಸಪ್ಪಲಮ್ಮನ ಒಕ್ಕಲಿನ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಹೋದ ಕಾರ್ತಿಕದಲ್ಲಿ ನಾನು ಸಿಕ್ಕಿಕೊಂಡ ಇಕ್ಕಟ್ಟು ಹಗೆಯವರಿಗೂ ಬೇಡ. ಆ ತಾಯಿ ಅದರಿಂದ ನನ್ನನ್ನು ಹೇಗೆ ಬಿಡಿಸಿದಳೆಂದು ಹೇಳದಿದ್ದರೆ ನನಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ.

ನಾನು ರತ್ನಮ್ಮ, ಬಂಗಾರಪೇಟೆ ಪಕ್ಕದ ಹಳ್ಳಿಯವಳು. ಮನೆಯಲ್ಲಿ ಎರಡು ಹಸು ಇವೆ. ಡೈರಿಗೆ ಹಾಲು ಹಾಕಿ, ಬಸ್ಸು ಹಿಡಿದು ಊರಿಗಾಂಗೆ ಕೆಲಸಕ್ಕೆ ಹೋಗುತ್ತೇನೆ. ಅಲ್ಲಿ ಚಿನ್ನದ ಗಣಿ ಕಂಪನಿಯ ಹಳೆಯ ಕಲ್ಲುಕಟ್ಟಡದಲ್ಲಿ ದೂರದರ್ಶಕ ಜೋಡಿಸುವ ಕಾರ್ಯಾಗಾರವಿದೆ. ದೊಡ್ಡ ಬಲೂನಿಗೆ ತೂಗುಹಾಕಿ, ವಿಮಾನಗಳಿಗಿಂತ ಎಷ್ಟೋ ಮೇಲಕ್ಕೆ ಕಳಿಸಿ ನಕ್ಷತ್ರ ನೋಡುವ ದೂರದರ್ಶಕ ಅದು. ಅದರ ಕನ್ನಡಿಗಳನ್ನು ಒಂದಕ್ಕೊಂದು ನೇರ ಮಾಡುವುದು ನನ್ನ ಕೆಲಸ. ಸೂಜಿರಂಧ್ರದಿಂದ ಬರುವ ಬೆಳಕನ್ನೇ ನಕ್ಷತ್ರವೆಂದುಕೊಂಡು, ಅದು ಪರದೆಯ ಮೇಲೆ ದುಂಡು ಚುಕ್ಕಿಯಾಗುವ ತನಕ ತಿರುಪುಗಳನ್ನು ಕೂದಲೆಳೆಯಷ್ಟೇ ತಿರುಗಿಸಬೇಕು. ಐಟಿಐ ಓದಿದವಳಿಗೆ ಇದೆಲ್ಲ ಎಲ್ಲಿಂದ ಬರುತ್ತೆ ಎಂದವರಿಗೆ ನಾನು ಬಾಯಲ್ಲೇ ಉತ್ತರ ಕೊಟ್ಟಿದ್ದೇನೆ. ನನ್ನ ಬಾಯಿ ಊರಿಗೆಲ್ಲ ಗೊತ್ತು.

ಆ ಬಾಯಿ ಕಟ್ಟಿಹೋಯಿತು. ಸಂಜೆ ಸರಿಮಾಡಿ ಹೋದರೆ ಬೆಳಿಗ್ಗೆ ಚುಕ್ಕಿ ಕೋಳಿಮೊಟ್ಟೆಯ ಹಾಗೆ ಉದ್ದವಾಗಿರುತ್ತಿತ್ತು. ಮತ್ತೆ ಸರಿಮಾಡುವುದು, ಮತ್ತೆ ಕೆಡುವುದು. ಎರಡು ವಾರ ಹೀಗೇ. ಕಿಟಕಿಯಿಲ್ಲದ ಕೋಣೆ, ಮೈತುಂಬ ಬಿಳಿ ನಿಲುವಂಗಿ, ಬಾಯಿಗೆ ಮಾಸ್ಕು, ಕೈಗೆ ಗ್ಲೌಸು. ಒಳಗೆ ಕಾಲಿಟ್ಟರೆ ಉಸಿರು ಕಟ್ಟಿದ ಹಾಗಾಗುತ್ತಿತ್ತು. ಬಲೂನು ಹಾರಿಸಲು ಮೇಲಿನ ಗಾಳಿ ಒದಗಿಬರುವುದು ಕೆಲವೇ ದಿನ. ದೂರದರ್ಶಕ ಒಯ್ಯಲು ಶನಿವಾರ ಲಾರಿ ಬರಲೇಬೇಕಿತ್ತು.

ಬುಧವಾರ ಮೇಡಂ ತೀರ್ಮಾನ ಹೇಳಿದರು. ಈ ಕೆಲಸದ ಹೊಣೆ ಹೊತ್ತ ವಿಜ್ಞಾನಿ ಅವರು. "ಕನ್ನಡೀನ ಹಿಂದಿನಿಂದ ಏನೋ ಎಳೀತಾ ಇದೆ. ಅಂಟು ಹಾಕಿದ್ದು ಸರಿಯಾಗಿಲ್ಲ."

ಕನ್ನಡಿಯ ಬೆನ್ನಿಗೆ ಹಿಡಿಕೆಯ ಪಟ್ಟಿಗಳನ್ನು ಅಂಟಿಸಿದವನು ಸೆಲ್ವಂ. ಊರಿಗಾಂನ ಗಣಿ ಕಾರ್ಮಿಕರ ಲೈನ್ ಮನೆಯವನು, ಮೂರು ಮಕ್ಕಳ ತಂದೆ. ಶುಕ್ರವಾರಕ್ಕೆ ನಿನ್ನ ಕೆಲಸ ಮುಗಿಯಿತು ಎಂದುಬಿಟ್ಟರು. ಅವನು ಕಾರಿಡಾರಿನಲ್ಲಿ ಗೋಡೆ ಹಿಡಿದು ನಿಂತಿದ್ದ.

"ಸತ್ಯಮಾ ಹೇಳ್ತೀನಿ ಅಕ್ಕಾ, ಅಳತೆ ನೋಡೇ ಅಂಟು ಹಾಕಿದ್ದು. ಮನೇಲಿ ಏನಂತ ಹೇಳ್ಲಿ?"

ನಿಜ ಹೇಳಬೇಕೆಂದರೆ ನನಗೂ ಅವನ ಅಂಟಿನ ಮೇಲೇ ಅನುಮಾನವಿತ್ತು. ಆ ಸಂಜೆ ಮನೆಯಲ್ಲಿ ದೀಪದ ಮುಂದೆ ಕೂತು, "ಆ ಕನ್ನಡೀನ ಅಲುಗದಂಗೆ ಇಡ್ಕೊಳಮ್ಮಾ, ಅವನ ಅನ್ನ ಉಳಿಸಮ್ಮಾ" ಎಂದು ಅತ್ತೆ.

ಗುರುವಾರ ನನ್ನ ಇಪ್ಪತ್ತೊಂದು ದಿನದ ಹರಕೆ ಮುಗಿಯುವ ದಿನ. ಕನ್ನಡಿ ಕೂರಿಸಿದ ಬೆಳಿಗ್ಗೆ, ಕೆಲಸ ಕೈಗೂಡಲಿ ಎಂದು ಒಂಬತ್ತೆಳೆಯ ಅರಿಶಿನ ದಾರವನ್ನು ಮಣಿಕಟ್ಟಿಗೆ ಕಂಕಣವಾಗಿ ಕಟ್ಟಿಕೊಂಡಿದ್ದೆ. ಕಂಕಣ ಕಟ್ಟಿದವರು ಗುಡಿಯ ಬಾವಿಯಲ್ಲಿ ನೀರು ಹೊಯ್ದುಕೊಂಡು, ತಾಯಿಯ ಮುಂದೆ ಬಿಚ್ಚಿಸಿಕೊಳ್ಳಬೇಕು. ಪೂಜೆ ಮಾಡುವ ಮುನೆಮ್ಮಜ್ಜಿ ಗಂಟಿಗೆ ಉಗುರು ಹಾಕಿದರು. ಬಿಚ್ಚಲಿಲ್ಲ. ಎಳೆದಷ್ಟೂ ಚರ್ಮಕ್ಕೆ ಕಚ್ಚಿತು.

"ದಾರ ನೆಂದು ಎಂಗ್ ಬಿಗ್ದದೆ ನೋಡೇ! ಅಸಾ ಕಟ್ಟೋ ಅಗ್ಗ ಮಳೇಲಿ ನೆಂದ್ರೆ ಇಂಗೇ ಅಲ್ವಾ? ಇದೊಂದೇನಾ, ಇನ್ನೆಲ್ಲಾದ್ರೂ ಕಟ್ಟಿದ್ದೀಯಾ? ಕಟ್ಟಿದ್ರೆ ಅದ್ನೂ ಬಿಚ್ಬುಡು. ಅರಕೆ ಮುಗಿದ್ಮೇಲೆ ಕಂಕಣ ಇರಬಾರ್ದು."

ಅಜ್ಜಿ ಕೊನೆಗೆ ಕುಡುಗೋಲಿನಿಂದ ದಾರ ಕೊಯ್ದು ತೆಗೆದರು, ಮಣಿಕಟ್ಟಿನಲ್ಲಿ ಗಾಯ ಉಳಿಯಿತು.

ಇಷ್ಟು ಹೊತ್ತು ನಿಮಗೂ ಹೇಳದ ಮಾತೊಂದಿದೆ. ಅದೇ ದಾರದ ಇನ್ನೊಂದು ತುಂಡನ್ನು ನಾನು ದೂರದರ್ಶಕಕ್ಕೂ ಕಟ್ಟಿದ್ದೆ. ಕನ್ನಡಿಯನ್ನು ಹಿಂದಿನಿಂದ ಹಿಡಿದಿರುವ ಮೂರು ತೆಳು ಪಟ್ಟಿಗಳಲ್ಲಿ ಒಂದಕ್ಕೆ, ಚೌಕಟ್ಟಿಗೂ ಸೇರಿಸಿ, ಬಿಗಿಯಾಗಿ. ಯಾರೂ ನೋಡದ ಹಾಗೆ ನಾನೇ ಹಿಂಬದಿಯ ಮುಚ್ಚಳ ಹಾಕಿದ್ದೆ. ಸಂಜೆ ಎಸಿ ಆರಿಸಿದ ಮೇಲೆ ಆ ಕಲ್ಲುಕಟ್ಟಡದಲ್ಲಿ ತೇವ ಏರುತ್ತದೆ. ದಾರ ತೇವ ಕುಡಿದು ಬಿಗಿಯುತ್ತಿತ್ತು, ಕನ್ನಡಿ ಸೊಟ್ಟಗಾಗುತ್ತಿತ್ತು. ಮೂವತ್ತು ವರ್ಷ ಹಸು ಕಟ್ಟಿದವಳಿಗೆ ಇದು ಹೊಳೆಯಲಿಲ್ಲವಲ್ಲ!

ಗುಡಿಯಿಂದ ನೇರ ಕೆಲಸಕ್ಕೆ ಹೊರಟೆ. ಬಸ್ಸು ಬಂಗಾರಪೇಟೆ ರೈಲ್ವೆ ಗೇಟಿನಲ್ಲಿ ನಿಂತುಬಿಟ್ಟಿತು. ಮುಂದೆ ಗೂಡ್ಸ್ ಗಾಡಿ, ಹಿಂದೆ ಟ್ರ್ಯಾಕ್ಟರು, ಒಳಗೆ ಕಾಲಿಡಲು ಜಾಗವಿಲ್ಲ. ಹೇಳಿದರೆ ನನ್ನ ಕೆಲಸ ಹೋಗುತ್ತೆ, ಹೇಳದಿದ್ದರೆ ಸೆಲ್ವಂ ಹೋಗುತ್ತಾನೆ. ಇಳಿದು ಓಡಿಹೋಗೋಣವೆಂದರೆ ಬಾಗಿಲ ತನಕ ಹೋಗುವುದಕ್ಕೂ ದಾರಿಯಿರಲಿಲ್ಲ.

ಕೊನೆಗೆ ಕಾರ್ಯಾಗಾರ ತಲುಪಿ, ಹಿಂದಿನ ಮುಚ್ಚಳ ಒಂದು ಸಲ ತೆಗೆದು ನೋಡುತ್ತೇನೆ ಎಂದಾಗ ಮೇಡಂ ಬೇಸರದಲ್ಲೇ ಒಪ್ಪಿದರು. ದಾರ ಕತ್ತರಿಸಿ ಗ್ಲೌಸಿನೊಳಗೆ ಮುದುರಿಟ್ಟುಕೊಂಡೆ. ಚುಕ್ಕಿ ಸರಿಮಾಡಿ ಮನೆಗೆ ಬಂದೆ, ಬಾಯಿ ಬಿಡಲಿಲ್ಲ. ಹೌದು, ಅಷ್ಟು ಹೇಡಿಯಾದೆ.

ಶುಕ್ರವಾರ ಬೆಳಿಗ್ಗೆ ಪರದೆಯ ಮೇಲೆ ಚುಕ್ಕಿ ಸಾಸಿವೆಕಾಳಿನಷ್ಟು ದುಂಡಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಾಗಿಲ ಗಾಜಿನ ಆಚೆ ಸೆಲ್ವಂ ತನ್ನ ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದ.

"ಅಂಟು ತಾನಾಗೇ ಕೂತಿರಬೇಕು," ಎಂದರು ಮೇಡಂ. "ಆದ್ರೂ ಆ ಮನುಷ್ಯನ್ನ ಇನ್ನು ನಂಬೋಕಾಗಲ್ಲ."

ಮಣಿಕಟ್ಟಿನ ಗಾಯ ಗ್ಲೌಸಿನೊಳಗೆ ಉರಿಯಿತು. ನಾನು ಹೊರಗೆ ಬಂದು, ಗ್ಲೌಸು ಕಳಚಿ, ಚೀಲದಿಂದ ಆ ಹಳದಿ ದಾರ ತೆಗೆದು ಮೇಡಂ ಮುಂದೆ ಹಿಡಿದೆ. ಎಲ್ಲವನ್ನೂ ಹೇಳಿದೆ. ಅವರು ಕೆಲಸದ ದಿನಚರಿ ಪುಸ್ತಕ ನನ್ನ ಕಡೆ ತಳ್ಳಿ, "ನೀವೇ ಬರೀರಿ" ಎಂದರು.

ಬರೆದೆ. "ಕನ್ನಡಿಯ ಹಿಂದೆ ದಾರ ಕಟ್ಟಿದವಳು ನಾನು. ಸೆಲ್ವಂ ಹಾಕಿದ ಅಂಟು ಸರಿಯಾಗಿದೆ." ಕೆಳಗೆ ರುಜು ಹಾಕಿದೆ.

ಮೇಡಂ ನನ್ನನ್ನು ಆ ದೂರದರ್ಶಕ ಮುಟ್ಟಗೊಡಲಿಲ್ಲ. ಕೆಲಸದಿಂದ ತೆಗೆಯಲೂ ಇಲ್ಲ. ಕೊನೆಯ ಮುಚ್ಚಳ ಹಾಕಿದವನು ಸೆಲ್ವಂ. ಎರಡು ದಿನ ಅವನು ನನ್ನ ಕಡೆ ನೋಡಲಿಲ್ಲ. ಮೂರನೆಯ ದಿನ ಟೀ ತಂದಿಟ್ಟು, "ಕಟ್ಟೋಕ್ ಮುಂಚೆ ನನ್ನ ಒಂದ್ ಮಾತು ಕೇಳ್ಬಾರ್ದಾ ಅಕ್ಕಾ" ಎಂದ. ನಾನು ಅತ್ತುಬಿಟ್ಟೆ.

ಬಲೂನು ಹಾರಿತು. ಅಲ್ಲಿಂದ ಬಂದ ಚಿತ್ರವನ್ನು ಮೇಡಂ ಫೋನಿನಲ್ಲಿ ತೋರಿಸಿದರು. ಈ ಸಲ ಸೂಜಿರಂಧ್ರವಲ್ಲ, ನಿಜವಾದ ನಕ್ಷತ್ರ. ದುಂಡಗಿತ್ತು.

ಆ ದಾರದ ತುಂಡನ್ನು ನಾನೇ ಗುಡಿಯ ಬಾವಿಗೆ ಬಿಟ್ಟು ಬಂದೆ. ಹಿಡಿದುಕೊಳ್ಳಮ್ಮಾ ಎಂದು ನಾನು ಬೇಡಿದ್ದೆ. ನೀನು ಬಿಡೇ ಮೊದಲು ಎಂದಳು ತಾಯಿ. ಅವಳ ಪಾದಕ್ಕೆ ಈ ಬರಿಗೈಯಲ್ಲೇ ಶರಣು.