ಒಂದು ಮೊಳ ಹಗ್ಗದ ಭಯ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಧಾರವಾಡದಿಂದ ಅಮ್ಮಿನಬಾವಿಯತ್ತ ಹೋಗುವ ರಸ್ತೆ ಬಿಟ್ಟು ಒಳಗೆ ಹೊರಳಿದರೆ ಸಿಗುವ ಕೆರೆಯ ದಂಡೆಯ ಮೇಲೆ, ತಗಡಿನ ಶೆಡ್ಡಿನ ಮುಂದೆ ರೇಣವ್ವ ಕೂತಿದ್ದಾರೆ. ಮುಂದೆ ಬಿಲ್ಲಿನಂತೆ ಬಾಗಿದ ಎರಡು ಉದ್ದನೆಯ ಅಲ್ಯೂಮಿನಿಯಂ ಕೊಳವೆಗಳು, ಎರಡೂ ತುದಿಯಲ್ಲಿ ಕೂಡಿಕೊಂಡಿವೆ. ಅದರಿಂದ ಹೊರಬಂದ ಹಗ್ಗವನ್ನು ಕೈಗೆ ಸುತ್ತಿಕೊಂಡು, ಪಾದವನ್ನು ಕೊಳವೆಗೆ ಒತ್ತಿ, ಮೈಯ ಭಾರವನ್ನೆಲ್ಲ ಹಾಕಿ ಜಗ್ಗುತ್ತಾರೆ. ಹಗ್ಗ ಜಾರುವುದಿಲ್ಲ. ಮತ್ತೊಮ್ಮೆ ಜಗ್ಗುತ್ತಾರೆ. ಮೂರನೆಯ ಸಲ ಜಗ್ಗುವ ಮೊದಲು ತಲೆ ಎತ್ತಿ ನೀರಿನ ಕಡೆ ನೋಡುತ್ತಾರೆ. ಆಷಾಢದ ಪಡುವಣ ಗಾಳಿಗೆ ಕೆರೆಯ ಮೈ ಆಗಲೇ ಸುಕ್ಕುಗಟ್ಟುತ್ತಿದೆ.

"ಗಾಳಿ ಎದ್ದತ್ರಿ," ಎನ್ನುತ್ತಾರೆ ಮೆಲ್ಲಗೆ. ಮೂರನೆಯ ಸಲವೂ ಜಗ್ಗುತ್ತಾರೆ.

ಇಲ್ಲಿ ವಿಂಡ್‌ಸರ್ಫಿಂಗ್ ಕಲಿಸುತ್ತಾರೆ. ಹಲಗೆಯೊಂದರ ಮೇಲೆ ನಿಂತು, ಅದಕ್ಕೆ ನೆಟ್ಟ ಹಾಯಿಯನ್ನು ಕೈಯಲ್ಲಿ ಹಿಡಿದು, ಗಾಳಿಯ ಬಲದಿಂದ ನೀರಿನ ಮೇಲೆ ಓಡುವ ಆಟ. ಸವಾರ ಕೈಯಲ್ಲಿ ಹಿಡಿಯುವ ಬಾಗಿದ ಕೊಳವೆಯೇ ಬೂಮ್. ಹಾಯಿಯ ಹಿಂದಿನ ಮೂಲೆಯನ್ನು ಬೂಮಿನ ಹಿಂದಿನ ತುದಿಗೆ ಎಳೆದು ಹಿಡಿಯುವ ಹಗ್ಗಕ್ಕೆ ಔಟ್‌ಹಾಲ್ ಎಂಬ ಹೆಸರು. ಅದನ್ನು ಬಿಗಿದರೆ ಹಾಯಿ ಚಪ್ಪಟೆಯಾಗಿ ಗಾಳಿಯ ಹಿಡಿತ ಕಡಿಮೆಯಾಗುತ್ತದೆ. ಸಡಿಲ ಬಿಟ್ಟರೆ ಹಾಯಿ ಹೊಟ್ಟೆ ಬಿಟ್ಟು ಹಲಗೆಯನ್ನು ಜೋರಾಗಿ ಎಳೆದೊಯ್ಯುತ್ತದೆ. ಸಾಮಾನ್ಯವಾಗಿ ಇದನ್ನು ದಂಡೆಯ ಮೇಲೇ ಕಟ್ಟಿಬಿಡುತ್ತಾರೆ. ರೇಣವ್ವ ಜೋಡಿಸುವುದು ಬೇರೆ ತೆರನದು. ಅವರು ಹಗ್ಗವನ್ನು ಬಾವಿಯ ರಾಟೆಯಂಥ ಪುಟ್ಟ ಗಡಗಡಿಗಳ ಮೇಲೆ ಹಾಯಿಸಿ, ಬೂಮಿನ ಉದ್ದಕ್ಕೂ ಮುಂದೆ ತಂದು, ಹಲ್ಲುಗಳಿರುವ ಕ್ಲಿಪ್ಪಿನಲ್ಲಿ ಕೂಡಿಸುತ್ತಾರೆ. ಸವಾರ ನೀರಿನ ಮೇಲೆ ಓಡುತ್ತಲೇ ಒಂದು ಕೈಯಿಂದ ಅದನ್ನು ಬಿಗಿಯಬಹುದು, ಬಿಡಬಹುದು.

ಐವತ್ತರ ಹತ್ತಿರ ಬಂದಿರುವ ರೇಣವ್ವನಿಗೆ ಈಜು ಬರುವುದಿಲ್ಲ. ಹೋದ ವರ್ಷದ ತನಕ ಅವರು ಈ ಕೆರೆಯಲ್ಲಿ ಪಾದ ಮುಳುಗುವಷ್ಟು ನೀರಿಗೂ ಇಳಿದವರಲ್ಲ.

ಹುಟ್ಟೂರು ಹೆಬ್ಬಳ್ಳಿ. ಮದುವೆಯಾಗಿ ಹುಬ್ಬಳ್ಳಿಗೆ ಬಂದ ಮೇಲೆ ಹತ್ತೊಂಬತ್ತು ವರ್ಷ ಲಾರಿಗಳಿಗೆ ಹೊದಿಸುವ ತಾಡಪತ್ರಿ ಹೊಲಿಯುವ ಅಂಗಡಿಯಲ್ಲಿ ದುಡಿದರು. ಗಂಡ ತೀರಿಕೊಂಡ ಮೇಲೂ ಸೂಜಿ ಬಿಡಲಿಲ್ಲ. ದಪ್ಪ ಬಟ್ಟೆಗೆ ಹಿತ್ತಾಳೆಯ ಕಣ್ಣು ಕೂಡಿಸುವುದು, ಹಗ್ಗದ ತುದಿ ಬಿಚ್ಚಿಕೊಳ್ಳದಂತೆ ಸುಡುವುದು, ಎಷ್ಟು ಜಗ್ಗಿದರೂ ಜಾರದ ಗಂಟು ಹಾಕುವುದು ಎಲ್ಲವೂ ಅಲ್ಲೇ ಕಲಿತದ್ದು. ಆರು ವರ್ಷದ ಹಿಂದೆ ಆ ಅಂಗಡಿಗೆ ಹರಿದ ಹಾಯಿಯೊಂದನ್ನು ಹೊತ್ತು ತಂದವರು ಬಿಂದುಮಾಧವ. ಧಾರವಾಡದವರು, ಸರಕು ಹಡಗುಗಳಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು, ಈ ಕೆರೆಯ ದಂಡೆಯಲ್ಲಿ ಮಕ್ಕಳಿಗೆ ಹಾಯಿ ಕಲಿಸುವ ಹಟ ತೊಟ್ಟವರು.

"ನಾ ಬೇಕಾದಷ್ಟು ಬಂದರದಾಗ ಹಾಯಿ ಹೊಲಿಸೇನಿ. ಈಕಿ ಹಾಕಿದ ಹೊಲಿಗಿ ನೋಡಿ ಅಲ್ಲೇ ನಿಂತುಬಿಟ್ಟೆ," ಎಂದು ಅವರು ನೆನೆಯುತ್ತಾರೆ. "ಬರ್ತೀಯೇನವಾ ಅಂದೆ. ನೀರಿಗೆ ಇಳಿ ಅನ್ನೂದಿಲ್ಲ ಅಂದ್ರ ಬರ್ತೇನಿ ಅಂದ್ಲು."

ಗಡಗಡಿಗಳು ಹೊರದೇಶದಿಂದ ಬರಬೇಕಿತ್ತು. ರೇಣವ್ವ ಒಂದನ್ನು ಮಾದರಿಯಾಗಿ ಸೆರಗಿನಲ್ಲಿ ಕಟ್ಟಿಕೊಂಡು ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಕ್ಕೆ ಹೋಗಿ, ಲೇಥ್ ಕೆಲಸದ ಇಸ್ತಿಯಾಕ ಎಂಬವರಿಂದ ಸ್ಟೀಲಿನಲ್ಲಿ ಕಡೆಸಿ ತಂದರು. ಮೊದಲ ಎರಡು ಸಲ ಕಡೆಸಿದವುಗಳ ಅಂಚು ಹಗ್ಗವನ್ನು ಕೊರೆಯುತ್ತಿತ್ತು. ಮೂರನೆಯದು ಒಪ್ಪಿತು. ಈಗ ದಿನಕ್ಕೆ ಎಂಟು ಹಾಯಿಗಳು ನೀರಿಗಿಳಿಯುತ್ತವೆ. ಒಂದೊಂದು ಬೂಮಿಗೆ ನಾಲ್ಕು ಗಡಗಡಿ, ಅಂದರೆ ಮೂವತ್ತೆರಡು. ಪ್ರತಿಯೊಂದನ್ನೂ ತಿರುಗಿಸಿ, ಕಿವಿ ಹತ್ತಿರ ಹಿಡಿದು, ಮರಳಿನ ಸದ್ದು ಕೇಳಿಸುತ್ತದೆಯೇ ಎಂದು ನೋಡುತ್ತಾರೆ. ಹಗ್ಗವನ್ನು ಬೆರಳ ನಡುವೆ ಎಳೆಯುತ್ತ ಹೋಗುತ್ತಾರೆ. ಎಲ್ಲಾದರೂ ಎಳೆ ಎದ್ದಿದ್ದರೆ ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ಇಷ್ಟಕ್ಕೆ ಎರಡೂವರೆ ತಾಸು ಬೇಕು.

ಹೋದ ಶ್ರಾವಣದ ಆ ದಿನದವರೆಗೆ ಇದು ಒಂದೂವರೆ ತಾಸಿನ ಕೆಲಸವಾಗಿತ್ತು.

ಆ ವಿಷಯ ಕೇಳಿದಾಗ ರೇಣವ್ವ ಕೈಯಲ್ಲಿದ್ದ ಹಗ್ಗ ಕೆಳಗಿಡುತ್ತಾರೆ. "ಹೇಳ್ತೇನ್ರಿ. ಆದ್ರ ನನ್ನ ತಪ್ಪು ಮೊದ್ಲ ಬರೀರಿ. ಆಮ್ಯಾಲ ಉಳಿದದ್ದು ಬರೀರಿ."

ಅವರ ಮಾತಿನಂತೆ ತಪ್ಪನ್ನೇ ಮೊದಲು ಬರೆಯುತ್ತೇನೆ. ಗಡಗಡಿಗಳ ಮೇಲೆ ಹಾಯ್ದ ಹಗ್ಗದ ಲೆಕ್ಕವೇ ಬೇರೆ. ಹಾಯಿಯ ಮೂಲೆ ನಾಲ್ಕು ಬೆರಳು ಸರಿಯಬೇಕೆಂದರೆ ಹಗ್ಗವನ್ನು ಹನ್ನೆರಡು ಬೆರಳು ಜಗ್ಗಬೇಕು. ಬಿಗಿದಷ್ಟೂ ಮುಂದಿನ ತುದಿಯಲ್ಲಿ ಹಗ್ಗದ ಬಾಲ ಉದ್ದವಾಗುತ್ತದೆ. ಆ ಬಾಲ ಜೋತಾಡದಂತೆ ಹಿಡಿಯಲು ಬೂಮಿಗೆ ಹೊಂದಿಕೊಂಡು ಒಂದು ರಬ್ಬರಿನ ದಾರ ಬೇಕು. ಏಳು ಬೂಮುಗಳಿಗೆ ರೇಣವ್ವ ಅದನ್ನು ಕಟ್ಟಿದ್ದರು. ಎಂಟನೆಯದಕ್ಕೆ ರಬ್ಬರು ಸಾಲಲಿಲ್ಲ. ನಾಳೆ ಹುಬ್ಬಳ್ಳಿಯಿಂದ ತಂದರಾಯಿತು ಎಂದುಕೊಂಡರು. ಯಾರಿಗೂ ಹೇಳಲಿಲ್ಲ.

ಆ ಎಂಟನೆಯ ಹಾಯಿಯನ್ನು ಮರುದಿನ ತೆಗೆದುಕೊಂಡವಳು ಸಂಪದಾ, ಧಾರವಾಡದ ಕಾಲೇಜೊಂದರಲ್ಲಿ ಓದುವ ಹದಿನೇಳರ ಹುಡುಗಿ. ಹಾಯಿ ಸ್ಪರ್ಧೆಯೊಂದಕ್ಕೆ ಹತ್ತು ದಿನವಿತ್ತು. ಕೆರೆ ತುಂಬಿ ಮೂಡಣದ ಏರಿಯ ಪಕ್ಕದ ಕೋಡಿಯ ಮೇಲೆ ನೀರು ಹರಿಯುತ್ತಿತ್ತು. ಒಂಬತ್ತರ ಹೊತ್ತಿಗೆ ಗಾಳಿ ಒಮ್ಮೆಗೇ ಬಲವಾಯಿತು. ಸಂಪದಾ ಕಲಿಸಿದಂತೆಯೇ ಮಾಡಿದಳು, ಔಟ್‌ಹಾಲ್ ಜಗ್ಗಿ ಹಾಯಿಯನ್ನು ಚಪ್ಪಟೆ ಮಾಡಿದಳು. ಒಂದು ಮೊಳ ಹಗ್ಗ ಮುಂದೆ ಜೋತುಬಿತ್ತು. ಕೈಗೆ ದಣಿವಾಗದಿರಲೆಂದು ಸವಾರರು ಸೊಂಟಕ್ಕೆ ಕೊಕ್ಕೆಯಿರುವ ಪಟ್ಟಿ ಕಟ್ಟಿಕೊಂಡು ಬೂಮಿಗೆ ಸಿಕ್ಕಿಸಿಕೊಳ್ಳುತ್ತಾರೆ. ಗಾಳಿಗೆ ಒದ್ದಾಡುತ್ತಿದ್ದ ಆ ಬಾಲ ಕೊಕ್ಕೆಗೆ ಎರಡು ಸುತ್ತು ಸುತ್ತಿಕೊಂಡಿತು. ಮರುಗಳಿಗೆಯಲ್ಲಿ ಹಲಗೆ ಮಗುಚಿ, ಹಾಯಿ ಅವಳ ಮೇಲೆ ಬಿತ್ತು.

ದಂಡೆಯಿಂದ ರೇಣವ್ವ ನೋಡುತ್ತಿದ್ದರು. ಬಿದ್ದವರು ಏಳುತ್ತಾರೆ, ದಿನವೂ ಕಾಣುವ ನೋಟ. ಸಂಪದಾ ಏಳಲಿಲ್ಲ. ಹಾಯಿ ನೀರಿನ ಮೇಲೆ ಮಲಗಿಕೊಂಡೇ ಕೋಡಿಯ ಕಡೆ ತೇಲತೊಡಗಿತು.

"ನನಗ ಅಲ್ಲೇ ಗೊತ್ತಾತ್ರಿ. ಬ್ಯಾರೆ ಯಾರಿಗೂ ಗೊತ್ತಾಗ್ಲಿಲ್ಲ, ನನಗ ಗೊತ್ತಾತು. ಆ ಬಾಲ ಅಂತ."

ಬಿಂದುಮಾಧವ ಆಗ ಚಿಕ್ಕ ಮಕ್ಕಳ ಗುಂಪಿನೊಂದಿಗೆ ಕೆರೆಯ ಆಚೆ ಬದಿಯಲ್ಲಿದ್ದರು. ರೇಣವ್ವನನ್ನು ಬಿಟ್ಟರೆ ದಂಡೆಯಲ್ಲಿದ್ದದ್ದು ಮೋಟಾರು ದೋಣಿ ನಡೆಸುವ ಬೀರಪ್ಪ ಒಬ್ಬರೇ. ದೋಣಿ ಚಾಲೂ ಮಾಡಿ ಅವರು ಕೂಗಿದರು: "ಯಾರರೆ ಒಬ್ರು ಬರ್ರಿ! ನಾ ಮೋಟಾರ್ ಹಿಡೀಲೋ, ಹುಡುಗೀನ ಹಿಡೀಲೋ?"

ರೇಣವ್ವ ಹತ್ತಿದರು. ಹೇಗೆ ಹತ್ತಿದೆನೆಂಬುದು ಅವರಿಗೆ ಇಂದಿಗೂ ನೆನಪಿಲ್ಲ. ಬೀರಪ್ಪನವರಿಗೆ ನೆನಪಿದೆ: "ದೋಣ್ಯಾಗ ಅಡ್ಡಬಿದ್ದು, ಎರಡೂ ಕೈಲೆ ಅಂಚು ಹಿಡಕೊಂಡು, ಯವ್ವಾ ಯವ್ವಾ ಅಂತ ಅಳಾಕತ್ತಿದ್ಲ್ರಿ. ಈಕೀನ ಯಾಕ ಕರಕೊಂಡ್ನೆಪಾ ಅಂತ ನನಗ ಚಿಂತಿ ಆತು."

ಹಾಯಿಯ ಹತ್ತಿರ ಹೋದಾಗ ಕೋಡಿಗೆ ಇನ್ನು ನೂರು ಹೆಜ್ಜೆಯೂ ಇರಲಿಲ್ಲ. ನೀರು ಬೀಳುವ ಸದ್ದು ಮೋಟಾರಿನ ಸದ್ದನ್ನೂ ಮೀರಿ ಕೇಳುತ್ತಿತ್ತು. ಸಂಪದಾ ಹಾಯಿಯ ಅಂಚಿನಡಿ ಬೂಮನ್ನು ತಬ್ಬಿಕೊಂಡಿದ್ದಳು. ಬಾಯಿ, ಮೂಗು ಮಾತ್ರ ಮೇಲಿದ್ದವು. ಅಲೆ ಬಂದಾಗ ಅವೂ ಮುಳುಗುತ್ತಿದ್ದವು. ಮೇಲೆತ್ತಲು ಹೋದರೆ ಹಗ್ಗ ಸೊಂಟವನ್ನು ಮತ್ತೆ ಒಳಕ್ಕೆ ಜಗ್ಗುತ್ತಿತ್ತು.

ರೇಣವ್ವನ ಸೊಂಟದಲ್ಲಿ ಹಗ್ಗ ಕೊಯ್ಯುವ ಚೂರಿ ಇತ್ತು. ಆದರೆ ಕೊಯ್ಯಬೇಕಾದ ಹಗ್ಗ ಕೆಸರು ನೀರಿನೊಳಗೆ, ಹುಡುಗಿಯ ಹೊಟ್ಟೆಗೆ ಅಂಟಿಕೊಂಡಿತ್ತು.

"ರೇಣಕ್ಕಾ, ಕೊಯ್ಯಿ!" ಎಂದಳು ಸಂಪದಾ.

"ಕಾಣಸವಲ್ದs ತಂಗೀ, ನಿನಗ ಹತ್ತೀತು!"

"ಹತ್ತಲಿ, ಕೊಯ್ಯಿ!"

ಬೀರಪ್ಪ ಒಂದು ಕೈಯಲ್ಲಿ ಮೋಟಾರು ಹಿಡಿದು ದೋಣಿಯನ್ನು ಗಾಳಿಗೆದುರಾಗಿ ನಿಲ್ಲಿಸಿದರು. ರೇಣವ್ವ ಎದೆಯವರೆಗೆ ಹೊರಗೆ ಬಾಗಿದರು. ನೀರು ನೋಡಿದರೆ ತಲೆ ತಿರುಗುತ್ತಿತ್ತು, ಕಣ್ಣು ಮುಚ್ಚಿಕೊಂಡರು. ಎಡಗೈಯನ್ನು ಬೂಮಿನ ಮೇಲೆ ಸರಿಸುತ್ತ ಹೋದರು. ಕ್ಲಿಪ್ಪಿನ ಹಲ್ಲು ಸಿಕ್ಕಿತು. ಅಲ್ಲಿಂದ ಕೆಳಗೆ ಹಗ್ಗ, ಹಗ್ಗದ ಕೊನೆಗೆ ಕೊಕ್ಕೆ. ಹಗ್ಗಕ್ಕೂ ಹುಡುಗಿಯ ಮೈಗೂ ನಡುವೆ ತಮ್ಮದೇ ಎರಡು ಬೆರಳು ತೂರಿಸಿದರು. ಬೆರಳಿನ ಮೇಲಿನ ಹಗ್ಗಕ್ಕೆ ಚೂರಿಯಿಟ್ಟು ಎಳೆದರು. ಎರಡನೆಯ ಎಳೆತಕ್ಕೆ ಹಗ್ಗ ತುಂಡಾಯಿತು. ತೋರುಬೆರಳು ಎಲುಬಿನ ತನಕ ಕೊಯ್ದುಹೋದದ್ದು ದಂಡೆಗೆ ಬಂದ ಮೇಲೆಯೇ ತಿಳಿದದ್ದು.

ಸಂಪದಾಳ ತಾಯಿ ಮೈತ್ರೇಯಿ ಶಾಲಾ ಶಿಕ್ಷಕಿ. ಓಡಿ ಬಂದವರು ರೇಣವ್ವನ ಬಟ್ಟೆ ಸುತ್ತಿದ ಕೈ ಹಿಡಿದು ಅತ್ತರು. ನೀವಿದ್ದಿರಿ, ಮಗಳು ಉಳಿದಳು ಎಂದರು. ಅಷ್ಟಕ್ಕೇ ಬಿಟ್ಟಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು.

"ಇಲ್ರೀ ಬಾಯಾರs, ನನ್ನಿಂದನs ಆದದ್ದು," ಎಂದರು ರೇಣವ್ವ. ರಬ್ಬರು ಸಾಲದ್ದು, ಹೇಳದೆ ಇದ್ದದ್ದು, ಎಲ್ಲವನ್ನೂ ಅಲ್ಲೇ ಹೇಳಿಬಿಟ್ಟರು. ಮೈತ್ರೇಯಿ ಹಿಡಿದ ಕೈ ಬಿಟ್ಟರು. ಮಗಳನ್ನು ಕರೆದುಕೊಂಡು ಹೊರಟುಹೋದರು.

ಮರುದಿನದಿಂದ ರೇಣವ್ವ ಕೆರೆಗೆ ಬರಲಿಲ್ಲ. ಮನೆಯಲ್ಲೂ ಹಗ್ಗ ಮುಟ್ಟಲಿಲ್ಲ. ನಿದ್ದೆಯಲ್ಲಿ ಎಣಿಸುತ್ತಿದ್ದರಂತೆ: ಏಳು ಹಾಯಿ ಬಂದವು, ಎಂಟನೆಯದು ಬರಲಿಲ್ಲ. ಬಿಂದುಮಾಧವ ಎರಡು ಸಲ ಮನೆಗೆ ಹೋದರು. ರೇಣವ್ವ ಚಹಾ ಕೊಟ್ಟು ಕಳಿಸಿದರು. ಐದನೆಯ ವಾರ ಬಾಗಿಲಿಗೆ ಬಂದವರು ಮೈತ್ರೇಯಿ, ಮಗಳೊಂದಿಗೆ.

"ನನಗ ಇನ್ನೂ ಸಿಟ್ಟದ," ಎಂದರು ಮೈತ್ರೇಯಿ ನಿಂತುಕೊಂಡೇ. "ಆದ್ರ ಈಕಿ ಮತ್ತ ನೀರಿಗೆ ಹೋಗ್ತೀನಿ ಅಂತ ಹಟಾ ಹಿಡದಾಳ. ತಪ್ಪು ಮುಚ್ಚಿಡೋ ಮಂದಿ ಕೈಯಾಗ ನಾ ಈಕೀನ ಬಿಡೂದಿಲ್ಲ. ನೀವು ಮುಚ್ಚಿಡ್ಲಿಲ್ಲ; ನೀವು ಕಟ್ಟತಿದ್ರ ಕಳಸ್ತೀನಿ, ಇಲ್ಲಂದ್ರ ಇಲ್ಲ."

ರೇಣವ್ವ ಒಪ್ಪಲು ಮತ್ತೊಂದು ವಾರ ಹಿಡಿಯಿತು.

ಈಗ ಪ್ರತಿ ಬೂಮಿಗೂ ಎರಡು ರಬ್ಬರಿನ ದಾರ. ಪೂರ್ತಿ ಬಿಗಿದಾಗಲೂ ಬಾಲ ಒಂದು ಗೇಣಿಗಿಂತ ಹೆಚ್ಚು ಹೊರಗುಳಿಯಬಾರದು. ಉಳಿದರೆ ಆ ಹಾಯಿ ಶೆಡ್ಡಿನಿಂದ ಹೊರಗೆ ಬರುವುದಿಲ್ಲ. ಕಳೆದ ತಿಂಗಳು ಹೀಗೆ ಎರಡು ಹಾಯಿಗಳನ್ನು ತಡೆದು, ಹೊರ ಊರಿನಿಂದ ಬಂದ ತರಬೇತುದಾರರೊಬ್ಬರಿಂದ ಬೈಸಿಕೊಂಡರು. "ಬೈಲಿ ಬಿಡ್ರಿ. ಬೈಗಳಕ್ಕ ಯಾರೂ ಮುಳುಗೂದಿಲ್ಲ," ಎನ್ನುತ್ತಾರೆ.

ಎಂಟೂವರೆಗೆ ಮಕ್ಕಳು ಬಂದಿದ್ದಾರೆ. ಸಂಪದಾ ತನ್ನ ಬೂಮಿನ ಹಗ್ಗವನ್ನು ತಾನೇ ಒಮ್ಮೆ ಜಗ್ಗಿ ನೋಡಿ, ರೇಣವ್ವನ ಮುಖ ನೋಡುತ್ತಾಳೆ. ರೇಣವ್ವ ತಲೆಯಾಡಿಸಿದ ಮೇಲೆ ನೀರಿಗಿಳಿಯುತ್ತಾಳೆ. ಗಾಳಿ ಇನ್ನಷ್ಟು ಏರಿದೆ. ಬೀರಪ್ಪ ಮೋಟಾರು ಚಾಲೂ ಮಾಡುತ್ತಾರೆ. ರೇಣವ್ವ ಕಣ್ಣು ಮುಚ್ಚಿ, ತುಟಿ ಬಿಗಿಹಿಡಿದು, ದೋಣಿ ಹತ್ತುತ್ತಾರೆ. ಗಾಳಿ ಇದ್ದ ದಿನವೆಲ್ಲ ಹೀಗೆಯೇ ಹೋಗುತ್ತಾರಂತೆ, ಯಾರೂ ಹೇಳದೆ.

ಏನಾದರೂ ಬೇಕೆನಿಸುತ್ತದೆಯೇ ಎಂದು ದಂಡೆಯಿಂದಲೇ ಕೇಳುತ್ತೇನೆ. ಅವರು ಮೈಮೇಲಿನ ಕಿತ್ತಳೆ ಬಣ್ಣದ ತೇಲುವ ಜಾಕೀಟನ್ನು ತೋರಿಸುತ್ತಾರೆ. ಮಕ್ಕಳ ಅಳತೆಯದು, ಸೀರೆಯ ಮೇಲೆ ಗುಂಡಿ ಕೂಡದೆ, ಸುತ್ತ ಹಗ್ಗ ಕಟ್ಟಿಕೊಂಡಿದ್ದಾರೆ.

"ನನ್ನ ಮೈಗೆ ಕೂಡೂ ಅಂಥಾದ್ದೊಂದು ಜಾಕೀಟು ಬೇಕಾಗಿತ್ರಿ," ಎನ್ನುತ್ತಾರೆ ನಾಚಿಕೊಂಡು. "ಅಂಜಿಕಿ ಅಂತೂ ಹೋಗೂದಿಲ್ಲ. ನಾ ದೋಣ್ಯಾಗ ಹೋಗೂದಂತೂ ತಪ್ಪಸೂದಿಲ್ಲ."