ಕಡಲೆ ಹೊಲದ ಮೂರನೇ ಕುಳಿ

ಸುಮನಬಾಯಿ ಯಾರದೋ ಕೊಲೆ ಮುಗಿಸಿಕೊಂಡು ಬರುತ್ತಿದ್ದಾರೆ ಎಂದು ತುರೋರಿಯಲ್ಲಿ ಬಸ್ಸು ಹತ್ತಿ ಉಮರ್ಗಾ ಮುಟ್ಟುವವರೆಗೂ ನಾನು ಗಟ್ಟಿಯಾಗಿ ನಂಬಿದ್ದೆ. ಗಡಿಭಾಗದ ಸುದ್ದಿಯನ್ನು ವಾರಕ್ಕೊಮ್ಮೆ ಬರೆದು ಕಳಿಸುವವನಿಗೆ ಕೊಲೆಗಾರರ ಮುಖ ನೋಡಿದ ಕೂಡಲೇ ತಿಳಿಯುತ್ತದೆ ಎಂಬ ಜಂಬ ನನಗಿತ್ತು.

ಹೈದರಾಬಾದ್ ಕಡೆಯಿಂದ ಬಂದ ಬಸ್ಸು. ನನಗೆ ಸಿಕ್ಕ ಸೀಟಿನ ಆಚೆ ಸಾಲಿನಲ್ಲಿ ಮೂವರು ಹೆಂಗಸರು ಕೂತಿದ್ದರು. ಮೂವರೂ ಐವತ್ತು ದಾಟಿದವರು, ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆಯೊಳಗೆ ಲಿಂಗ. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಆದರೆ ನಡುವೆ ಕೂತಿದ್ದ ಸುಮನಬಾಯಿಯ ತೊಡೆಯ ಮೇಲೆ ಹಳೆ ಸೀರೆ ಸುತ್ತಿದ ಉದ್ದನೆಯ ಗಂಟೊಂದಿತ್ತು. ಗಂಟಿನ ತುದಿಯಿಂದ ಕುದುರೆಯ ಗೊರಸಿನಂಥ ಕಬ್ಬಿಣದ ತುಂಡುಗಳು ಹೊರಗೆ ಇಣುಕುತ್ತಿದ್ದವು. ಪ್ರತಿಯೊಂದರ ಮೇಲೂ ಒಣಗಿದ ಕೆಂಪು ಕಲೆ. ವೀರಭದ್ರನ ಪುರವಂತರು ಕತ್ತಿ ಝಳಪಿಸಿ ಒಡಪು ಹೇಳುವುದನ್ನು ಕಂಡಿದ್ದೇನೆ, ಆದರೆ ಅವರು ಹೀಗೆ ಬಸ್ಸಿನಲ್ಲಿ ಶೇಂಗಾ ತಿನ್ನುತ್ತ ಕೂತದ್ದನ್ನು ಕಂಡಿರಲಿಲ್ಲ. ಇಳಿಯುವಾಗ ಆ ಗಂಟು ನನ್ನ ಮೊಣಕಾಲಿಗೆ ತಾಗಿತು. ‘ಬಡೀತೇನು ತಮ್ಮಾ?’ ಎಂದು ಕೇಳಿದರು. ಇಲ್ಲ ಎಂದೆ. ಬಡಿದಿತ್ತು.

ಕೆಂಪು ಕಲೆ ಕುಂಕುಮದ್ದು. ಹೈದರಾಬಾದಿನ ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡ ಗಾಲ್ಫ್ ಕೋಲುಗಳಿಗೆ, ಹೊಸ ನೇಗಿಲಿಗೆ ಮಾಡುವಂತೆ, ಅಂಗಡಿಯ ಮೆಟ್ಟಿಲ ಮೇಲೆಯೇ ಪೂಜೆ ಮಾಡಿ ತಂದಿದ್ದರು. ಇದು ನನಗೆ ತಿಳಿಯುವ ಹೊತ್ತಿಗೆ ಆ ಕೋಲುಗಳ ಮೇಲೆ ನಿಜವಾದ ರಕ್ತವೂ ಬಿದ್ದಿತ್ತು.

ಸುಮನಬಾಯಿಯದು ಗಡಿಗೆ ಹತ್ತಿದ ಮಹಾರಾಷ್ಟ್ರದ ಕಾಸಾರಶಿರಸಿಯಲ್ಲಿ ಬಟ್ಟೆ ಅಂಗಡಿ. ಸೀರೆ, ಖಣ, ಟಾವೆಲ್ಲು, ಮದುವೆಯಲ್ಲಿ ಉಡುಗೊರೆ ಕೊಡುವ ಆಹೇರಿನ ಬಟ್ಟೆ. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನೂ ಊರ ಹೊರಗೆ ನಿಲಂಗಾ ರಸ್ತೆಯಲ್ಲಿರುವ ಹೊಲವನ್ನೂ ಒಬ್ಬರೇ ನೋಡಿಕೊಂಡರು. ಮಗಳು ಸ್ವಪ್ನಾಲಿಯನ್ನು ಉದಗೀರಕ್ಕೆ ಕೊಟ್ಟರು. ತವರು ಸಾಸ್ತೂರ. ಅಲ್ಲಿ ಭೂಕಂಪದಲ್ಲಿ ಗೋಡೆ ಬಿದ್ದು ಬಲಗಾಲಿನ ಎರಡು ಬೆರಳು ಹೋಗಿವೆ, ಹಾಗಾಗಿ ನಿಂತರೆ ಭಾರವೆಲ್ಲ ಎಡಗಾಲಿನ ಮೇಲೆ. ಗಾಲ್ಫ್ ಹೊಡೆಯುವವರು ದುಡ್ಡು ಕೊಟ್ಟು ಕಲಿಯುವ ನಿಲುವು ಅದೇ ಎಂದು ಯಾರೋ ಹೇಳಿದರು. ನನಗೆ ಗೊತ್ತಿಲ್ಲ.

ಗೆಳತಿಯರು ಇಬ್ಬರು. ಶೇವಂತಾಬಾಯಿ ಕಿರಾಣಿ ಅಂಗಡಿಯವರು, ಮಾತು ಜಾಸ್ತಿ. ಲಲಿತಾಬಾಯಿ ಒಕ್ಕಲು ಮನೆತನದವರು, ಮಾತು ಕಡಿಮೆ, ರಟ್ಟೆ ದೊಡ್ಡದು. ಅಂಗಡಿಗೆ ಗಿರಾಕಿಗಳು ಬಾರದ ದಿನ ನೋಡಿ ಮೂವರೂ ಊರು ಬಿಡುವರು. ಮಹಾರಾಷ್ಟ್ರದ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೀಟು, ಕರ್ನಾಟಕದ ಬಸ್ಸಿನಲ್ಲಿ ಅಲ್ಲಿಯವರಿಗೆ ಮಾತ್ರ ಪುಕ್ಕಟೆ. ಹೀಗಾಗಿ ಗಡಿ ದಾಟಿದ ಕೂಡಲೇ ಕನ್ನಡದಲ್ಲಿ ಎಷ್ಟು ಜಗಳವಾಡಿದರೂ ಇವರಿಗೆ ಪೂರಾ ಟಿಕೀಟೇ. ಲಿಂಗಪೂಜೆಯಾಗದೆ ನೀರೂ ಮುಟ್ಟದವರು. ಧಾಬಾ ಇರಲಿ, ರೈಲು ನಿಲ್ದಾಣವಿರಲಿ, ಲಿಂಗ ಹಿಡಿದ ಮೂರು ಎಡಗೈಗಳು ಒಟ್ಟಿಗೆ ಮೇಲೇಳುತ್ತಿದ್ದವು, ರೊಟ್ಟಿ ತಂದವನು ತಟ್ಟೆ ಹಿಡಿದು ಕಾಯುತ್ತಿದ್ದ.

ಇಂಥದೊಂದು ತಿರುಗಾಟದಲ್ಲಿ, ಊಟಿಯ ತಂತಿಬೇಲಿಯ ಆಚೆ, ಬಿಳಿ ಟೊಪ್ಪಿಗೆಯ ಗಂಡಸರು ಚೆಂಡು ಹೊಡೆದು ಅದರ ಹಿಂದೆ ನಡೆದು ಹೋಗುವುದನ್ನು ಕಂಡರು. ಹೊಡೆಯುವುದೂ ತಾವೇ ಹುಡುಕುವುದೂ ತಾವೇ, ಇದೆಂಥ ಆಟ ಎಂದು ಶೇವಂತಾಬಾಯಿ ನಕ್ಕರು. ಸುಮನಬಾಯಿ ನಗಲಿಲ್ಲ. ಸಾಸ್ತೂರದಲ್ಲಿ ಚಿಣ್ಣಿದಾಂಡು ಆಡುತ್ತಿದ್ದ ಹುಡುಗಿಯನ್ನು ಮೈನೆರೆದ ಮರುದಿನ ಅಂಗಳದಿಂದ ಎಳೆದು ಒಳಗೆ ಕೂಡಿಸಿದ್ದರು. ಆ ಹುಡುಗಿಯ ಕೊನೆಯ ಹೊಡೆತ ಬಾಕಿಯಿತ್ತು ಎಂದು ಕಾಣುತ್ತದೆ.

ಕಡಲೆ ಕೊಯ್ದು ರಾಶಿಯಾದ ಮೇಲೆ ಹೊಲ ಮಳೆಯವರೆಗೆ ಖಾಲಿ. ಅಲ್ಲಿ ಹಳೆ ಡಬ್ಬಿಗಳನ್ನು ಹೂತು ಕುಳಿ ಮಾಡಿದರು. ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಚೆಂಡು ನುಂಗುತ್ತದೆ. ಅದಕ್ಕೆ ಖುರ್ಪಿಯಿಂದ ಅಗೆದು ತೆಗೆಯಬಹುದು, ಅದನ್ನು ಹೊಡೆತವೆಂದು ಲೆಕ್ಕ ಹಿಡಿಯಬಾರದು ಎಂದು ನಿಯಮ ಮಾಡಿದರು. ಕುಳಿ ದೂರದಿಂದ ಕಾಣಲೆಂದು ತೊಗರಿ ಕಟ್ಟಿಗೆಗೆ ಅಂಗಡಿಯ ಕೆಂಪು ಬಟ್ಟೆಯ ತುಂಡು ಕಟ್ಟಿ ನೆಟ್ಟರು.

ತಪ್ಪಾದದ್ದು ಇಲ್ಲಿಯೇ. ಈ ಸೀಮೆಯಲ್ಲಿ ಹೊಲದೊಳಗೆ ಕೋಲಿಗೆ ಬಟ್ಟೆ ಕಟ್ಟಿ ನೆಟ್ಟರೆ ಅದಕ್ಕಿರುವುದು ಒಂದೇ ಅರ್ಥ, ಮೋಜಣಿ. ಸರ್ಕಾರದವರು ಬಂದು ನೆಲ ಅಳೆದು, ಯಾರದು ಎಲ್ಲಿಗೆ ಮುಗಿಯಿತೆಂದು ಜಂಡಾ ನೆಟ್ಟು ಹೋಗುತ್ತಾರೆ. ಅವರ ಜೀಪು ರಸ್ತೆಗೆ ಹತ್ತುವುದರೊಳಗೆ ಅಣ್ಣತಮ್ಮಂದಿರು ಕೊಡಲಿ ಹುಡುಕುತ್ತಾರೆ. ನಾನು ಬರೆದ ಸುದ್ದಿಗಳಲ್ಲಿ ಅರ್ಧ ಇಂಥವೇ. ಮೂವರಿಗೂ ಇದು ಗೊತ್ತಿದ್ದ ಮಾತೇ, ಆದರೆ ಆಟದ ಗುಂಗಿನಲ್ಲಿ ಹೊಳೆಯಲಿಲ್ಲ.

ಪಕ್ಕದ ಹೊಲ ಸುಮನಬಾಯಿಯ ಮೈದುನ ಬಸವಣ್ಣೆಪ್ಪನದು. ಬಸವಣ್ಣೆಪ್ಪ ಒಂದು ಕಾಲದಲ್ಲಿ ಯಾವುದೋ ಸೊಸೈಟಿಯ ಡೈರೆಕ್ಟರ್ ಆಗಿದ್ದವನು. ಆ ಕಾಲ ಮುಗಿದದ್ದನ್ನು ಯಾರೂ ಅವನಿಗೆ ತಿಳಿಸಿಲ್ಲ. ಯಾರ ಮದುವೆಯಾದರೂ ಮುಂದಿನ ಸಾಲಿನ ಸೋಫಾವೇ ಬೇಕು. ಮಗ ನೀಲೇಶ ಅಪ್ಪನಿಗಿಂತ ಒಂದು ಮೆಟ್ಟಿಲು ಮೇಲೆ. ಅವನ ಹುಟ್ಟುಹಬ್ಬಕ್ಕೆ ಬಸ್ ಸ್ಟ್ಯಾಂಡಿನಲ್ಲಿ ‘ಭಾವೀ ಆಮದಾರ’, ಅಂದರೆ ಮುಂದಿನ ಶಾಸಕ, ಎಂಬ ಬ್ಯಾನರು ಏಳುತ್ತದೆ. ಕಪ್ಪು ಕನ್ನಡಕ, ಕಿವಿಗೆ ಮೊಬೈಲು, ಕೆಳಗೆ ಶುಭ ಕೋರುವವರ ಸಣ್ಣ ಮುಖಗಳ ಸಾಲು. ಆ ಸಾಲಿನಲ್ಲೂ ಒಂದು ಮುಖ ಅವನದೇ.

ಕೆಂಪು ಜಂಡಾ ಕಂಡವರು ಬಸವಣ್ಣೆಪ್ಪನಿಗೆ ಸುದ್ದಿ ಮುಟ್ಟಿಸಿದರು, ನಿನ್ನ ವೈನಿ ಗುಟ್ಟಾಗಿ ಮೋಜಣಿ ಮಾಡಿಸಿದಳು ಎಂದು. ಅಪ್ಪ ಮಗ ಇಬ್ಬರೂ ಕೊಡಲಿ ಹಿಡಿದು ಬಂದರು. ಹೆಂಗಸರು ಮೂರನೇ ಕುಳಿಯ ಹತ್ತಿರ ಇದ್ದರು. ಲಲಿತಾಬಾಯಿ ಬಗ್ಗಿ ಡಬ್ಬಿಯಿಂದ ಚೆಂಡು ತೆಗೆಯುತ್ತಿದ್ದರು. ನೀಲೇಶ ಮಾತಿಲ್ಲದೆ ಕೊಡಲಿಯ ಹಿಂಬದಿಯಿಂದ ಬೀಸಿದ. ಆಕೆಯ ಮುಂಗೈ ಒಣ ತೊಗರಿ ಕಟ್ಟಿಗೆ ಮುರಿದ ಸದ್ದಿನಲ್ಲಿ ಮುರಿಯಿತು. ಕೂಗಿಕೊಂಡ ಶೇವಂತಾಬಾಯಿಯ ಹುಬ್ಬಿಗೆ ಅವನು ಎಸೆದ ಕಲ್ಲಿನಂಥ ಹೆಂಟೆ ಬಿತ್ತು. ರಕ್ತ ಕಣ್ಣಿಗಿಳಿದು ಆಕೆ ಕುರುಡಿಯಂತೆ ಕೈಯಾಡಿಸುತ್ತ ಕೂತುಬಿಟ್ಟರು. ಸುಮನಬಾಯಿಯನ್ನು ನೀಲೇಶ ತುರುಬು ಹಿಡಿದು ಎಳೆದು ಕೆಡವಿದ. ಕಡಲೆಯ ಬೊಡ್ಡೆಗಳು ಕೆನ್ನೆ ಗೀರಿದವು, ಬಾಯಿಯಿಂದ ಒಂದು ಹಲ್ಲು ಬಂತು. ಬಸವಣ್ಣೆಪ್ಪ ಯಾರನ್ನೂ ಮುಟ್ಟಲಿಲ್ಲ. ಅವನು ಹಳೆಯ ಡೈರೆಕ್ಟರ್. ಜಂಡಾಗಳನ್ನು ಒಂದೊಂದಾಗಿ ಕಡಿಯುತ್ತ ಬಂದು ಮೂರನೆಯದರ ಮುಂದೆ ನಿಂತು ಅರಚಿದ:

‘ಇಷ್ಟ ವರ್ಷ ಈ ಪಟ್ಟಿ ನಾ ಬಿತ್ತೀನಿ, ನಾ ಬೆಳದೀನಿ. ಈಗ ಇದರಾಗ ಜಂಡಾ ಹಚ್ತೀ ಏನು ವೈನಿ?’

ಮಣ್ಣಿನಲ್ಲಿ ಬಿದ್ದಿದ್ದ ಸುಮನಬಾಯಿ ರಕ್ತ ಉಗುಳಿ ತಲೆಯೆತ್ತಿದರು.

‘ಯಾವ ಪಟ್ಟಿ?’

ವರ್ಷಕ್ಕೆ ಒಂದಿಷ್ಟರಂತೆ ಬಸವಣ್ಣೆಪ್ಪ ಬದುವನ್ನು ನೇಗಿಲಿನಿಂದ ಹರಿದು ಅಳಿಸುತ್ತ ಅತ್ತಿಗೆಯ ಹೊಲದೊಳಗೆ ಒತ್ತಿಕೊಂಡು ಬಂದಿದ್ದ. ಅಂಗಡಿಯಲ್ಲಿ ಕೂತಾಕೆಗೆ ಅದು ಗೊತ್ತೇ ಇರಲಿಲ್ಲ. ಮೂರನೇ ಕುಳಿಯನ್ನು ಅಲ್ಲಿ ತೋಡಿದ್ದು ಅಲ್ಲಿಯ ನೆಲ ಚೆಂಡು ಉರುಳಲು ಸಪಾಟಾಗಿದೆ ಎಂದು. ಹಾಗೆ ಸಪಾಟು ಮಾಡಿದವನು ಬಸವಣ್ಣೆಪ್ಪನೇ.

ನಿಲಂಗಾದ ದವಾಖಾನೆಯಲ್ಲಿ ಲಲಿತಾಬಾಯಿಗೆ ಪ್ಲಾಸ್ಟರು, ಶೇವಂತಾಬಾಯಿಗೆ ಹೊಲಿಗೆ. ಪೊಲೀಸರಲ್ಲಿ ಫಿರ್ಯಾದಿ ದಾಖಲಾಯಿತು. ಆಮೇಲೆ ಊರ ಹಿರಿಯರು ಸುಮನಬಾಯಿಯ ಮನೆಗೆ ಬಂದು ಚಹಾ ಕುಡಿದು ಬುದ್ಧಿ ಹೇಳಿದರು. ಫಿರ್ಯಾದಿ ಹಿಂದೆ ತಗೊಳ್ಳಿರಿ, ಒಂದೇ ಮನೆತನ. ಈ ವಯಸ್ಸಿನಲ್ಲಿ ಭಜನೆಯಿದೆ, ಪ್ರವಚನವಿದೆ, ಚೆಂಡು ಯಾಕೆ. ಹೊಲ ಮೈದುನನಿಗೇ ಪಾಲಿಗೆ ಹಾಕಿದರೆ ಜಂಡಾವೂ ಇಲ್ಲ, ಜಗಳವೂ ಇಲ್ಲ. ಕೈ ಮುರಿದದ್ದು ಯಾರದೆಂದು ಯಾರೂ ಕೇಳಲಿಲ್ಲ, ಬಿಸ್ಕೀಟು ಮಾತ್ರ ಇನ್ನೊಂದು ಕೇಳಿದರು. ಸ್ವಪ್ನಾಲಿ ಉದಗೀರದಿಂದ ಫೋನಿನಲ್ಲಿ ಅತ್ತು, ಹೊಲ ಮಾರಿ ಇಲ್ಲಿಗೇ ಬಂದುಬಿಡು ಎಂದಳು.

ಸುಮನಬಾಯಿ ಎಲ್ಲರ ಮಾತೂ ಕೇಳಿ, ಮರುದಿನ ನಿಲಂಗಾಕ್ಕೆ ಹೋಗಿ, ತಮಗೆ ಅದುವರೆಗೆ ಹೊಳೆಯದಿದ್ದ ಕೆಲಸ ಮಾಡಿ ಬಂದರು. ನಿಜವಾದ ಮೋಜಣಿಗೆ ಅರ್ಜಿ ಹಾಕಿದರು. ಬಸವಣ್ಣೆಪ್ಪ ತಾನೇ ಕೂಗಿ ಹೇಳದಿದ್ದರೆ ಆ ಪಟ್ಟಿ ಅವನ ಬಳಿಯೇ ಉಳಿಯುತ್ತಿತ್ತು. ನೀಲೇಶ ಅಂಗಡಿಗೇ ಬಂದು, ಗಿರಾಕಿಗಳ ಎದುರು, ಸೀರೆ ಮಡಚುತ್ತಿದ್ದ ಆಕೆಗೆ ಹೇಳಿ ಹೋದ:

‘ದೊಡ್ಡವ್ವ, ಇನ್ನೊಂದು ಜಂಡಾ ಆ ಹೊಲದಾಗ ಕಂಡ್ರ ಅದರ ಕೆಳಗೇ ಹುಗೀತೀನಿ ನಿನಗ.’

ಸುಮ್ಮನೆ ಹೇಳಿದ್ದಲ್ಲ ಎಂಬುದು ಲಲಿತಾಬಾಯಿಯ ಕೈ ನೋಡಿದವರಿಗೆಲ್ಲ ಗೊತ್ತಿತ್ತು. ಹೊಲ ಬಿಟ್ಟರೆ ಜೀವ ಉಳಿಯುತ್ತದೆ, ಹೊಲಕ್ಕೆ ಹೋದರೆ ಎರಡೂ ಹೋಗಬಹುದು. ಕಾಸಾರಶಿರಸಿ ಇದನ್ನೇ ಮಾತಾಡುತ್ತಿತ್ತು. ಗೆಳತಿಯರ ಮನೆಯವರು ಇನ್ನು ಆ ಕಡೆ ಕಾಲಿಡಬೇಡಿ ಎಂದು ತಾಕೀತು ಮಾಡಿದ್ದರು.

ಮೋಜಣಿಯ ದಿನ ವರದಿಗಾರನ ಕರ್ತವ್ಯವೆಂದು ನಾನೂ ಹೋದೆ. ಕರ್ತವ್ಯ ಸುರಕ್ಷಿತವಾಗಿರಲೆಂದು ಬೇವಿನ ಮರದ ಹಿಂದೆ ನಿಂತೆ. ಪ್ಲಾಸ್ಟರಿನ ಕೈಯ ಲಲಿತಾಬಾಯಿಯೂ ಬಂದಿದ್ದರು, ಹುಬ್ಬಿನ ಹೊಲಿಗೆಯ ಶೇವಂತಾಬಾಯಿಯೂ ಬಂದಿದ್ದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಗಾಲ್ಫ್ ಕೋಲು. ಮೋಜಣಿಯವನು ಇದೇನೆಂದು ಕೇಳಿದ. ಅಳತೆ ಮುಗಿದ ಮೇಲೆ ಆಡುವವರಿದ್ದೇವೆ ಎಂದರು ಶೇವಂತಾಬಾಯಿ. ಅವನು ಅಳತೆ ಬೇಗ ಮುಗಿಸಿದ.

ಕಡೆಯ ಜಂಡಾ ಮೂರನೇ ಕುಳಿಯನ್ನೂ ದಾಟಿ, ಬಸವಣ್ಣೆಪ್ಪ ತನ್ನದೆಂದು ಉಳುತ್ತಿದ್ದ ನೆಲದೊಳಗೆ ಹೋಗಿ ನಿಂತಿತು. ಅದನ್ನು ನೆಟ್ಟವನು ಓಡುನಡಿಗೆಯಲ್ಲಿ ಜೀಪಿಗೆ ಹೋದ. ನೀಲೇಶ ತನ್ನ ಹೊಲದ ಕಡೆಯಿಂದ ಓಡಿಬಂದ. ಈ ಸಲ ಕೊಡಲಿಯ ಅಲಗು ಮುಂದಿತ್ತು. ಮೊದಲ ಏಟಿಗೆ ಜಂಡಾ ಎರಡಾಯಿತು. ಎರಡನೆಯದು ಅಡ್ಡ ಬಂದ ಶೇವಂತಾಬಾಯಿಯ ಭುಜದ ಕುಪ್ಪಸ ಸೀಳಿ, ಅದರಡಿಯ ಚರ್ಮವನ್ನೂ ಸೀಳಿತು. ಮೂರನೆಯ ಏಟಿಗೆ ಅವನು ಕೊಡಲಿಯನ್ನು ತಲೆಯ ಮೇಲಕ್ಕೆ ಎತ್ತಿದ್ದು ಸುಮನಬಾಯಿಯ ಮೇಲೆ.

ಆಕೆ ಹಿಂದೆ ಸರಿಯಲಿಲ್ಲ. ಎಡಗಾಲಿಗೆ ಭಾರ ಕೊಟ್ಟು, ಸೊಂಟ ತಿರುಗಿಸಿ, ಕೋಲನ್ನು ನೆಲಕ್ಕೆ ಸಮನಾಗಿ ಬೀಸಿದರು. ಕಬ್ಬಿಣ ಅವನ ಮೊಣಕಾಲಿಗೆ ಬಡಿದ ಸದ್ದು ಬೇವಿನ ಮರದವರೆಗೆ ಬಂತು. ಬಸ್ಸಿನಲ್ಲಿ ಪೆಟ್ಟು ತಿಂದಿದ್ದ ನನ್ನ ಮೊಣಕಾಲೂ ಒಮ್ಮೆ ಜುಮ್ಮೆಂದಿತು. ನೀಲೇಶ ಬಿದ್ದ. ಕಾಲು ಬೇರೆಯೇ ದಿಕ್ಕಿಗೆ ತಿರುಗಿತ್ತು, ಚರ್ಮ ಹರಿದು ಬಿಳಿ ಎಲುಬು ಕಾಣುತ್ತಿತ್ತು, ಒಣ ಬಿರುಕಿನೊಳಗೆ ರಕ್ತ ಇಳಿಯುತ್ತಿತ್ತು. ಭಾವೀ ಆಮದಾರ ‘ಅವ್ವಾ’ ಎಂದು ಅಳುತ್ತಿದ್ದ.

ಹಾರಿದ ಕೊಡಲಿ ಬಸವಣ್ಣೆಪ್ಪನ ಕಾಲ ಬಳಿ ಬಿದ್ದಿತ್ತು. ಅವನು ಅದನ್ನು ಎತ್ತಿಕೊಂಡು ವೈನಿಯ ಕಡೆ ಬಂದ. ನಾನು ಮರವನ್ನು ತಬ್ಬಿಕೊಂಡಿದ್ದೆ.

ಸುಮನಬಾಯಿ ಮುರಿದ ಜಂಡಾದ ಕೆಂಪು ಬಟ್ಟೆ ಹರಿದು ಅವನೆಡೆಗೆ ಎಸೆದರು.

‘ಮೊದಲ ಹುಡುಗನ ಕಾಲಿಗಿ ಇದನ್ನ ಕಟ್ಟು ಬಸವಣ್ಣೆಪ್ಪ. ರಕ್ತ ಭಾಳ ಹೊಂಟದ. ಕಡಿಯೂದಿದ್ರ ಆಮ್ಯಾಲ ಕಡಿ, ನಾ ಇಲ್ಲೇ ಇರ್ತೀನಿ.’

ಅವನು ಮಗನನ್ನು ನೋಡಿದ, ಬಟ್ಟೆಯನ್ನು ನೋಡಿದ. ಕೊಡಲಿ ಬಿಟ್ಟು ಕೂತು ಕಟ್ಟಿದ. ಕಟ್ಟಿದ್ದು ಜಾರಿತು. ಕೊನೆಗೆ ಗಂಟು ಹಾಕಿದ್ದು ಲಲಿತಾಬಾಯಿ, ಒಂದು ಕೈಯಿಂದ ಮತ್ತು ಹಲ್ಲಿನಿಂದ.

ಎರಡೂ ಕಡೆಯ ಕೇಸುಗಳು ಇನ್ನೂ ನಡೆದಿವೆ. ತಾರೀಖಿಗೆ ಎರಡು ಮನೆಯವರೂ ನಿಲಂಗಾಕ್ಕೆ ಒಂದೇ ಬಸ್ಸಿನಲ್ಲಿ, ಬೇರೆ ಬೇರೆ ಬಾಗಿಲಿನಿಂದ ಹತ್ತಿ ಹೋಗುತ್ತಾರೆ. ನೀಲೇಶ ಕುಂಟುತ್ತಾನೆ. ಈ ವರ್ಷದ ಬ್ಯಾನರಿನಲ್ಲಿ ಅವನ ಚಿತ್ರ ಸೊಂಟದವರೆಗೆ ಮಾತ್ರ ಇದೆ. ಪಟ್ಟಿ ಸುಮನಬಾಯಿಗೆ ಬಂತು. ಮೂರನೇ ಕುಳಿಯ ಡಬ್ಬಿಯನ್ನು ಕಿತ್ತು ಹೊಸ ಬದುವಿನ ಅಂಚಿಗೇ ಹೂತಿದ್ದಾರೆ, ಜಂಡಾ ಈಗಲೂ ಕೆಂಪೇ. ಬಸವಣ್ಣೆಪ್ಪ ಸಂಜೆ ತನ್ನ ಕಡೆ ಬದುವಿನ ಮೇಲೆ ಕೂತಿರುತ್ತಾನೆ. ಚೆಂಡು ಆಚೆ ಬಂದರೆ ಎತ್ತಿ ಎಸೆಯುತ್ತಾನೆ, ಮಾತಿಲ್ಲದೆ, ಬೇಕಾದುದಕ್ಕಿಂತ ಜೋರಾಗಿ. ಒಮ್ಮೆ ಶೇವಂತಾಬಾಯಿಯ ಬೆನ್ನಿಗೇ ಬಡಿಯಿತು. ಬೇಕೆಂದೇ ಎಸೆದದ್ದು ಎನ್ನುತ್ತಾರೆ ಆಕೆ.

ಇದನ್ನೆಲ್ಲ ಬರೆಯುವ ಮುನ್ನ ಅಂಗಡಿಗೆ ಹೋಗಿ ಸುಮನಬಾಯಿಯ ಎದುರು ಕೂತೆ. ಮುಂದಿನ ತಿರುಗಾಟಕ್ಕೆ ಗಂಟು ಕಟ್ಟುತ್ತಿದ್ದರು, ಕೋಲುಗಳಿಗೆ ಹೊಸದಾಗಿ ಕುಂಕುಮ ಬಿದ್ದಿತ್ತು. ನಾನು ಪೆನ್ನು ತೆಗೆದು, ಗಂಟಲು ಸರಿಮಾಡಿಕೊಂಡು, ಕೊಡಲಿ ತಲೆಯ ಮೇಲೆ ಎದ್ದು ನಿಂತ ಆ ಕ್ಷಣದಲ್ಲಿ ತಮ್ಮ ಅಂತರಂಗದಲ್ಲಿ ಎಂಥ ಭಾವನೆಗಳು ಹೊಯ್ದಾಡುತ್ತಿದ್ದವು ಎಂದು ಕೇಳಿದೆ.

‘ಭಾವನಾ ಎಲ್ಲೀದು ತಮ್ಮಾ,’ ಎಂದರು ಗಂಟು ಬಿಗಿಯುತ್ತ. ‘ತಲಿಗಿ ಹೊಡೀಲೋ, ಮೊಣಕಾಲಿಗಿ ಹೊಡೀಲೋ ಅಂತ ನೋಡ್ಲಿಕತ್ತಿದ್ದೆ. ತಲಿ ಭಾಳ ಸಣ್ಣದದ ಅವಂದು.’