ಹಾಡಿದವರ ಹೆಸರಿಗೆ ಜಾಗವಿಲ್ಲ

ವೆಂಕಟಸುಬ್ಬಯ್ಯನವರು ಮೂವತ್ತೆರಡು ವರ್ಷ ಕಾರ್ಖಾನೆಯೊಂದರ ಗ್ರಂಥಾಲಯದಲ್ಲಿ ಪುಸ್ತಕಗಳ ಕಾರ್ಡು ಬರೆದವರು. ಲೇಖಕರ ಜಾಗದಲ್ಲಿ ಸಂಪಾದಕರ ಹೆಸರು ಬಿದ್ದರೆ ಅಂದು ಅವರಿಗೆ ಊಟ ಸೇರುತ್ತಿರಲಿಲ್ಲ. ನಿವೃತ್ತಿಯ ನಂತರ ದೊಮ್ಮಲೂರಿನ ಫ್ಲಾಟಿಗೆ ಬಂದಾಗ, ಅಲ್ಲಿನ ವಾಚ್‌ಮನ್ ಹುಸೇನಪ್ಪ ಗೇಟಿನ ಬಳಿ ಹಾಡಿಕೊಳ್ಳುತ್ತಿದ್ದ ಮೊಹರಂ ಪದಗಳು ಕಿವಿಗೆ ಬಿದ್ದವು. ಮಾನ್ವಿ ಕಡೆಯವನು, ತಾಯಿಯಿಂದ ಕಲಿತ ಅರವತ್ತು ಪದ ಅವನಿಗೆ ಬಾಯಿಪಾಠ. ಎರಡು ವರ್ಷ ಕೂತು ಎಲ್ಲವನ್ನೂ ರೆಕಾರ್ಡ್ ಮಾಡಿ, ಮಗಳು ಮಧುರಾಳಿಂದ ವೆಬ್‌ಸೈಟ್ ಮಾಡಿಸಿ ಹಾಕಿದರು.

ಒಂದು ಭಾನುವಾರ ಹುಸೇನಪ್ಪನ ಮಗಳು ಸೌಂದರ್ಯಾ ಫೋನ್ ಹಿಡಿದು ಬಂದಳು.

"ಅಂಕಲ್, ಅಪ್ಪನ ಪದ ಹುಡುಕಿದ್ರೆ ಹಾಡಿದವರು ಅಂತ ನಿಮ್ಮ ಹೆಸರು ಬರ್ತೈತ್ರಿ."

ಮಧುರಾ ಪರೀಕ್ಷಿಸಿ ನೋಡಿದಳು. "ಪುಟದ ಒಳಗೆ ಕಣ್ಣಿಗೆ ಕಾಣದ ಹಾಗೆ ವಿವರ ಬರೀತೀವಲ್ಲಪ್ಪ, ಸರ್ಚ್‌ನವರು ಓದೋದು ಅದನ್ನೇ. ಅಲ್ಲಿ ಸೈಟಿನ ಒಡೆಯರು ಅಂತ ಹಾಕಿದ ಹೆಸರನ್ನೇ ಹಾಡಿದವರು ಅಂತ ತೋರಿಸ್ತಿದ್ದಾರೆ. ಬದಲಾಯಿಸೋಣ ಅಂದ್ರೆ ಸರ್ಚ್ ಕಂಪನಿಗಳು ಸೇರಿ ಅದಕ್ಕೊಂದು ಹೊಸ ನಿಯಮ ತರ್ತಿದ್ದಾರೆ. ಹೆಸರಿಗೆ ಒಂದೇ ಜಾಗ, ಅಲ್ಲಿ ಸೈಟ್ ಯಾರದೋ ಅವರ ಹೆಸರೇ ಇರ್ಬೇಕಂತೆ. ಇನ್ನೂ ಕರಡು, ಅಭಿಪ್ರಾಯ ಕೇಳಿದ್ದಾರೆ."

ವೆಂಕಟಸುಬ್ಬಯ್ಯನವರು ಮೂರು ವಾರ ಬೇರೇನೂ ಮಾಡಲಿಲ್ಲ. ಹಾಡಿದವರು, ಕಲಿಸಿದವರು, ದಾಖಲಿಸಿದವರು ಬೇರೆ ಬೇರೆ ಜನ, ಮೂವರಿಗೂ ಜಾಗ ಬೇಕು ಎಂದು ಹನ್ನೊಂದು ಪುಟ ಬರೆದು, ಅರವತ್ತು ಪದಗಳನ್ನೂ ಉದಾಹರಣೆಯಾಗಿ ಕೊಟ್ಟು ಕಳಿಸಿದರು. ನಾಲ್ಕು ತಿಂಗಳ ಮೇಲೆ ಉತ್ತರ ಬಂತು: ಸಲಹೆಗೆ ಧನ್ಯವಾದ, ಜಾಗ ಹೆಚ್ಚಿದಷ್ಟೂ ತುಂಬುವವರು ಕಡಿಮೆ, ಬದಲಾವಣೆ ಇಲ್ಲ. ಮತ್ತೆ ಬರೆದರು. ಅಭಿಪ್ರಾಯ ಕೊಡುವ ಅವಧಿ ಮುಗಿದಿದೆ ಎಂದು ಉತ್ತರ ಬಂತು. ಕರಡು ಹಾಗೆಯೇ ನಿಯಮವಾಯಿತು.

ಅಷ್ಟರಲ್ಲಿ ಬೇರೆ ಸೈಟುಗಳು ಹಾಡುಗಳನ್ನು ಎತ್ತಿಕೊಂಡಿದ್ದವು. ಇಂದಿರಾನಗರದ ಸಂಸ್ಥೆಯೊಂದು ಫೋನ್ ಮಾಡಿ, "ಸಾರ್, ನೀವು ಬಂದು ಹಾಡ್ಬೇಕು" ಎಂದಿತು. ಹಾಡಿದವರು ಬೇರೆ ಎಂದು ಹೇಳಿ ಹುಸೇನಪ್ಪನ ನಂಬರ್ ಕೊಟ್ಟರು. ಅವನಿಗೆ ಯಾರೂ ಫೋನ್ ಮಾಡಲಿಲ್ಲ.

ವೆಂಕಟಸುಬ್ಬಯ್ಯನವರು ಸೈಟನ್ನೇ ತೆಗೆಸಿದರು. ನಕಲುಗಳು ಅವರ ಹೆಸರಿನಲ್ಲೇ ಉಳಿದವು. ಗೇಟಿಗೆ ಹೋಗಿ, "ತಪ್ಪಾಯ್ತು ಹುಸೇನಪ್ಪ, ಸರಿಮಾಡೋಕೆ ನನ್ನ ಕೈಲಿ ಆಗ್ಲಿಲ್ಲ" ಎಂದರು.

"ಬಿಡ್ರಿ ಸಾಹೇಬ್ರ," ಎಂದ ಹುಸೇನಪ್ಪ. "ಕಲಿಸಿದ ನಮ್ಮವ್ವನ ಹೆಸರಾದ್ರೂ ಎಲ್ಲಿ ಐತ್ರಿ?"

ಆ ವರ್ಷದ ಮೊಹರಂ ಬಂತು. ಗೇಟಿನ ಬಳಿ ಹಾಡು ಕೇಳಿಸಲಿಲ್ಲ. ಒಂದು ಪದ ಹೇಳಪ್ಪ ಎಂದು ವೆಂಕಟಸುಬ್ಬಯ್ಯನವರು ಕೇಳಿದಾಗ ಹುಸೇನಪ್ಪ ಒಳಬರುತ್ತಿದ್ದ ಕಾರಿನ ನಂಬರ್ ಬರೆದುಕೊಳ್ಳುತ್ತ, "ನೆನಪಾಗವಲ್ದು ನೋಡ್ರಿ" ಎಂದ.